ಸಾಕು ಬೆಕ್ಕುಗಳಲ್ಲಿ ಜೀರ್ಣಾಂಗ ತೊಂದರೆ

ಸಾಕು ಬೆಕ್ಕುಗಳಲ್ಲಿ ಜೀರ್ಣಾಂಗ ತೊಂದರೆ ಎಂಬುದು ವಾಂತಿ, ಭೇದಿ, ಮಲಬದ್ಧತೆ, ಆಹಾರದಲ್ಲಿ ನಿರಾಸಕ್ತಿ ಮುಂತಾದ ಲಕ್ಷಣಗಳನ್ನು ಒಟ್ಟಾಗಿ ಸೂಚಿಸುವ ಹೆಸರು. ಇದು ಒಂದು ನಿರ್ದಿಷ್ಟ ರೋಗವಲ್ಲ. ಆತುರದಿಂದ ತಿಂದ ಊಟದಿಂದ ಹಿಡಿದು ಜಂತುಹುಳು, ಕರುಳಿನ ತಡೆ, ಸಾಂಕ್ರಾಮಿಕ ರೋಗ, ವಿಷಪ್ರಾಶನ ಹಾಗೂ ಮೂತ್ರಪಿಂಡದ ವೈಫಲ್ಯದವರೆಗೆ ಹಲವು ಸ್ಥಿತಿಗಳಲ್ಲಿ ಈ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಹೆಚ್ಚಿನ ಲಘು ಪ್ರಕರಣಗಳು ಒಂದೆರಡು ದಿನಗಳಲ್ಲಿ ತಾವಾಗಿಯೇ ಶಮನವಾಗುತ್ತವೆ.

ಬೆಕ್ಕಿನ ಹೊಟ್ಟೆ ಕೆಟ್ಟಾಗ ಮನುಷ್ಯರಿಗೆ ಅಥವಾ ನಾಯಿಗೆ ಮಾಡುವ ಉಪಚಾರವನ್ನೇ ಅದಕ್ಕೂ ಮಾಡುವುದು ಸಾಮಾನ್ಯ ರೂಢಿ. ಒಂದೆರಡು ದಿನ ಉಪವಾಸ ಕೆಡವುವುದು, ಹಾಲು ಕುಡಿಸುವುದು, ಮನೆಯಲ್ಲಿರುವ ಮಾತ್ರೆಯ ಚೂರೊಂದನ್ನು ನುಂಗಿಸುವುದು ಇವುಗಳಲ್ಲಿ ಸೇರಿವೆ. ಬೆಕ್ಕಿನ ದೇಹಧರ್ಮದ ದೃಷ್ಟಿಯಿಂದ ಈ ಮೂರೂ ತಪ್ಪು. ಮೂಲ ತೊಂದರೆ ಲಘುವಾಗಿದ್ದರೂ ಇಂತಹ ಉಪಚಾರದಿಂದಲೇ ಬೆಕ್ಕು ಪ್ರಾಣಾಪಾಯಕ್ಕೆ ಒಳಗಾಗಬಹುದು.

ಬೆಕ್ಕಿನ ಜೀರ್ಣಕ್ರಿಯೆಯ ವೈಶಿಷ್ಟ್ಯ

ಬೆಕ್ಕು ಕಡ್ಡಾಯ ಮಾಂಸಾಹಾರಿ ಪ್ರಾಣಿ. ಇಲಿ, ಹಕ್ಕಿ, ಹಲ್ಲಿ ಮುಂತಾದ ಸಣ್ಣ ಜೀವಿಗಳನ್ನು ದಿನಕ್ಕೆ ಹಲವು ಬಾರಿ ಬೇಟೆಯಾಡಿ ಸ್ವಲ್ಪ ಸ್ವಲ್ಪವೇ ತಿನ್ನುವ ಜೀವನಕ್ರಮಕ್ಕೆ ಅದರ ಅಂಗಗಳು ಹೊಂದಿಕೊಂಡಿವೆ. ದೇಹದ ಉದ್ದಕ್ಕೆ ಹೋಲಿಸಿದರೆ ಅದರ ಕರುಳು ನಾಯಿಯ ಕರುಳಿಗಿಂತ ಗಿಡ್ಡ. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವವು ಮನುಷ್ಯರ ಲಾಲಾರಸದಲ್ಲಿ ಇರುವಂತೆ ಬೆಕ್ಕಿನ ಲಾಲಾರಸದಲ್ಲಿ ಕೆಲಸ ಮಾಡುವುದಿಲ್ಲ. ಅದರ ಯಕೃತ್ತು ಪ್ರೋಟೀನನ್ನು ಒಡೆದು ಶಕ್ತಿ ಪಡೆಯುವ ಕೆಲಸದಲ್ಲಿ ಸದಾ ನಿರತವಾಗಿರುತ್ತದೆ. ಆಹಾರ ಸಿಗದ ದಿನವೂ ಈ ಕೆಲಸ ಹೆಚ್ಚೇನೂ ತಗ್ಗುವುದಿಲ್ಲ.

ಪ್ರೋಟೀನು ಒಡೆದಾಗ ಅಮೋನಿಯ ಹುಟ್ಟುತ್ತದೆ. ಅದನ್ನು ಯೂರಿಯವಾಗಿ ಬದಲಿಸಲು ಅರ್ಜಿನಿನ್ ಎಂಬ ಅಮೈನೊ ಆಮ್ಲ ಬೇಕು. ಇದನ್ನು ಸಾಕಷ್ಟು ತಯಾರಿಸಿಕೊಳ್ಳುವ ಸಾಮರ್ಥ್ಯ ಬೆಕ್ಕಿಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಆವರಣದಲ್ಲಿ 1970ರ ದಶಕದ ಕೊನೆಯಲ್ಲಿ ನಡೆದ ಪ್ರಯೋಗಗಳಲ್ಲಿ, ಅರ್ಜಿನಿನ್ ಇಲ್ಲದ ಒಂದೇ ಒಂದು ಊಟದ ನಂತರ ಕೆಲವೇ ಗಂಟೆಗಳಲ್ಲಿ ಬೆಕ್ಕುಗಳ ರಕ್ತದಲ್ಲಿ ಅಮೋನಿಯ ಏರಿ, ವಾಂತಿ ಹಾಗೂ ನರಗಳ ತೊಂದರೆ ಕಾಣಿಸಿಕೊಂಡಿತು. ಟಾರಿನ್ ಎಂಬ ಇನ್ನೊಂದು ಪೋಷಕಾಂಶದ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲ ಕೆಡುತ್ತದೆ ಎಂಬುದು 1975ರಲ್ಲಿಯೂ, ಹೃದಯದ ಸ್ನಾಯು ದುರ್ಬಲವಾಗುತ್ತದೆ ಎಂಬುದು 1987ರಲ್ಲಿಯೂ ಪ್ರಕಟವಾಯಿತು. ಮಾಂಸ ಹಾಗೂ ಮೀನಿನಲ್ಲಿ ಟಾರಿನ್ ಇರುತ್ತದೆ. ಅಕ್ಕಿ, ರಾಗಿ, ಬೇಳೆಗಳಲ್ಲಿ ಇರುವುದಿಲ್ಲ. ಸಸ್ಯಾಹಾರಿ ಮನೆಗಳಲ್ಲಿ ಹಾಲನ್ನ, ಮೊಸರನ್ನ ತಿಂದು ಬೆಳೆಯುವ ಬೆಕ್ಕು ಆರೋಗ್ಯವಾಗಿ ಕಂಡರೆ, ಅದು ಹೊರಗೆ ಬೇಟೆಯಾಡಿ ಕೊರತೆಯನ್ನು ತುಂಬಿಕೊಳ್ಳುತ್ತಿರುವ ಸಾಧ್ಯತೆಯೇ ಹೆಚ್ಚು. ಅದೇ ಆಹಾರಕ್ರಮದಲ್ಲಿ ಮಹಡಿ ಮನೆಯೊಳಗೇ ಇರಿಸಿದ ಬೆಕ್ಕಿಗೆ ಆ ಅವಕಾಶವಿಲ್ಲ.

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಕನ್ನಡದ ಗಾದೆಯಲ್ಲಿ ಸ್ಥಿರವಾಗಿ ನೆಲೆಸಿದೆ. ವಾಸ್ತವದಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಮರಿಗಳಲ್ಲಿ ಧಾರಾಳವಾಗಿದ್ದು, ತಾಯಿಹಾಲು ಬಿಟ್ಟ ಮೇಲೆ ಕ್ರಮೇಣ ಕುಸಿಯುತ್ತದೆ. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳನ್ನು ತಲುಪಿ ನೀರನ್ನು ಸೆಳೆದುಕೊಳ್ಳುತ್ತದೆ. ಅಲ್ಲಿನ ಬ್ಯಾಕ್ಟೀರಿಯಗಳು ಅದನ್ನು ಹುದುಗಿಸಿ ಅನಿಲ ಉಂಟುಮಾಡುತ್ತವೆ. ಪರಿಣಾಮವಾಗಿ ಹೊಟ್ಟೆ ಉಬ್ಬರಿಸಿ ನೀರುಭೇದಿ ಆಗುತ್ತದೆ. ಎಲ್ಲ ಬೆಕ್ಕುಗಳಲ್ಲೂ ಇದು ಒಂದೇ ಪ್ರಮಾಣದಲ್ಲಿರುವುದಿಲ್ಲ. ಸ್ವಲ್ಪ ಹಾಲನ್ನು ತೊಂದರೆಯಿಲ್ಲದೆ ಅರಗಿಸಿಕೊಳ್ಳುವ ಬೆಕ್ಕುಗಳೂ ಇವೆ. ಆದರೆ ಈಗಾಗಲೇ ಭೇದಿಯಾಗುತ್ತಿರುವ ಬೆಕ್ಕಿಗೆ ಶಕ್ತಿ ಬರಲೆಂದು ಹಾಲು ಕೊಟ್ಟರೆ ಭೇದಿ ಹೆಚ್ಚುತ್ತದೆ.

ಲಕ್ಷಣಗಳು

ಬೆಕ್ಕಿನ ಬಾಯಿಂದ ಏನಾದರೂ ಹೊರಬಿದ್ದ ಮಾತ್ರಕ್ಕೆ ಅದು ವಾಂತಿಯಲ್ಲ. ನಿಜವಾದ ವಾಂತಿಯಲ್ಲಿ ಬೆಕ್ಕು ಮೊದಲು ಚಡಪಡಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಜೊಲ್ಲು ಸುರಿಸುತ್ತದೆ. ಅನಂತರ ಹೊಟ್ಟೆಯ ಸ್ನಾಯುಗಳು ಲಯಬದ್ಧವಾಗಿ ಸಂಕುಚಿಸಿ ಒಳಗಿರುವುದು ಹೊರಬರುತ್ತದೆ. ತಿಂದ ಕೂಡಲೇ ಯಾವ ಶ್ರಮವೂ ಇಲ್ಲದೆ, ಜೀರ್ಣವಾಗದ ಆಹಾರವು ಕೊಳವೆಯ ಆಕಾರದಲ್ಲಿ ಹೊರಬಿದ್ದರೆ ಅದು ಅನ್ನನಾಳದಿಂದ ಮರಳಿದ ಆಹಾರ. ಅದರ ಕಾರಣಗಳೇ ಬೇರೆ. ಬೆಕ್ಕು ನೆಲಕ್ಕೆ ಕುಗ್ಗಿ ಕುಳಿತು, ಕತ್ತನ್ನು ಮುಂದಕ್ಕೆ ಚಾಚಿ, ಖೊಕ್ ಖೊಕ್ ಎಂದು ಸದ್ದು ಮಾಡಿ ಕೊನೆಗೆ ಏನನ್ನೂ ಹೊರಹಾಕದಿದ್ದರೆ ಅದು ಕೆಮ್ಮಾಗಿರಬಹುದು. ಬೆಕ್ಕಿನ ಆಸ್ತಮಾವನ್ನು ಕೂದಲುಂಡೆಯೆಂದು ತಿಳಿದು ತಿಂಗಳುಗಟ್ಟಲೆ ಉಪೇಕ್ಷಿಸುವುದು ಅಪರೂಪವಲ್ಲ. ಫೋನಿನಲ್ಲಿ ತೆಗೆದ ಒಂದು ಸಣ್ಣ ವಿಡಿಯೊ ಈ ಮೂರರ ವ್ಯತ್ಯಾಸವನ್ನು ಪಶುವೈದ್ಯರಿಗೆ ಒಂದೇ ನೋಟದಲ್ಲಿ ತಿಳಿಸುತ್ತದೆ.

ಕೂದಲುಂಡೆಯು ಬೆಕ್ಕುಗಳಿಗೆ ವಿಶಿಷ್ಟವಾದ ಸಂಗತಿ. ನಾಲಿಗೆಯ ಮೇಲೆ ಹಿಮ್ಮುಖವಾಗಿ ಬಾಗಿರುವ ಗಟ್ಟಿ ಮುಳ್ಳುಗಳು ಮೈ ನೆಕ್ಕುವಾಗ ಉದುರಿದ ಕೂದಲನ್ನು ಹಿಡಿದುಕೊಳ್ಳುತ್ತವೆ. ಅದನ್ನು ಉಗುಳಲು ಬಾರದೆ ಬೆಕ್ಕು ನುಂಗುತ್ತದೆ. ಹೆಚ್ಚಿನ ಕೂದಲು ಮಲದೊಂದಿಗೆ ಹೋಗುತ್ತದೆ. ಉಳಿದದ್ದು ಜಠರದಲ್ಲಿ ಸುತ್ತಿಕೊಂಡು ಆಗೊಮ್ಮೆ ಈಗೊಮ್ಮೆ ಉದ್ದನೆಯ ಉಂಡೆಯಾಗಿ ಹೊರಬರುತ್ತದೆ. ಉದ್ದ ಕೂದಲಿನ ಪರ್ಷಿಯನ್ ತಳಿಯಲ್ಲಿ ಇದು ಹೆಚ್ಚು. ವಾರಕ್ಕೊಂದು ಉಂಡೆ ಬೀಳತೊಡಗಿದರೆ ಅದನ್ನು ಸಹಜವೆಂದು ಬಿಡಬಾರದು. ಚರ್ಮದ ತುರಿಕೆ, ಚಿಗಟ, ಮಾನಸಿಕ ಒತ್ತಡಗಳಿಂದ ಬೆಕ್ಕು ಅತಿಯಾಗಿ ನೆಕ್ಕಿಕೊಳ್ಳುತ್ತಿರಬಹುದು, ಅಥವಾ ಕರುಳಿನ ಚಲನೆಯೇ ನಿಧಾನವಾಗಿರಬಹುದು. ಗರಿಕೆಯಂತಹ ಹುಲ್ಲನ್ನು ಮೆಲ್ಲುವುದು ಮಾತ್ರ ಆರೋಗ್ಯವಂತ ಬೆಕ್ಕುಗಳಲ್ಲಿಯೂ ಕಾಣುವ ನಡವಳಿಕೆ.

ಭೇದಿಯ ಸ್ವರೂಪವು ತೊಂದರೆ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಸೂಚಿಸುತ್ತದೆ. ಸಣ್ಣ ಕರುಳಿನ ಭೇದಿಯಲ್ಲಿ ಮಲದ ಪ್ರಮಾಣ ಹೆಚ್ಚಾಗಿರುತ್ತದೆ, ಬೆಕ್ಕು ತೂಕ ಕಳೆದುಕೊಳ್ಳುತ್ತದೆ, ಒಳಗೆ ರಕ್ತಸ್ರಾವವಿದ್ದರೆ ಮಲ ಡಾಂಬರಿನಂತೆ ಕಪ್ಪಾಗಿರುತ್ತದೆ. ದೊಡ್ಡ ಕರುಳಿನ ಭೇದಿಯಲ್ಲಿ ಬೆಕ್ಕು ಮೇಲಿಂದ ಮೇಲೆ ಮುಕ್ಕುತ್ತಾ ಸ್ವಲ್ಪ ಸ್ವಲ್ಪವೇ ವಿಸರ್ಜಿಸುತ್ತದೆ. ಲೋಳೆ ಹಾಗೂ ಕೆಂಪು ರಕ್ತದ ಗೆರೆಗಳು ಕಾಣುತ್ತವೆ.

ಮುಕ್ಕುವ ಬೆಕ್ಕಿನ ವಿಷಯದಲ್ಲಿ ಆಗುವ ಒಂದು ತಪ್ಪು ಗ್ರಹಿಕೆಯನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಗಂಡು ಬೆಕ್ಕು ಮಲದ ತಟ್ಟೆಗೆ ಪದೇ ಪದೇ ಹೋಗಿ ಕುಳಿತು, ನರಳಿ, ಏನೂ ಆಗದೆ ಎದ್ದು ಬಂದರೆ ಮನೆಯವರು ಮಲಬದ್ಧತೆಯೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅದರ ಮೂತ್ರನಾಳ ಕಟ್ಟಿಕೊಂಡಿರಬಹುದು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದಾಗಿದ್ದು ಹರಳು ಅಥವಾ ಲೋಳೆಯ ಬಿರಡೆಯಿಂದ ಸುಲಭವಾಗಿ ಮುಚ್ಚಿಹೋಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಮ್ ಏರಿ ಹೃದಯ ಲಯ ತಪ್ಪುತ್ತದೆ. ಎರಡು ಮೂರು ದಿನಗಳೊಳಗೆ ಸಾವು ಸಂಭವಿಸಬಹುದು. ಇಂತಹ ಬೆಕ್ಕು ವಾಂತಿಯನ್ನೂ ಮಾಡುವುದರಿಂದ ಗೊಂದಲ ಮತ್ತಷ್ಟು ಹೆಚ್ಚುತ್ತದೆ. ಆದ್ದರಿಂದ ಮುಕ್ಕುತ್ತಿರುವ ಗಂಡು ಬೆಕ್ಕು ಮೂತ್ರ ಮಾಡಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಮಾಡಿಲ್ಲವಾದರೆ ಬೆಳಗಾಗುವವರೆಗೆ ಕಾಯುವಂತಿಲ್ಲ.

ಕಾರಣಗಳು

ಆಹಾರವನ್ನು ಹಠಾತ್ತನೆ ಬದಲಿಸುವುದು, ಹಳಸಿದ ಮಾಂಸ, ಅತಿಯಾದ ಕೊಬ್ಬು, ಗಬಗಬನೆ ತಿನ್ನುವುದು ಇವು ಸಾಮಾನ್ಯ ಕಾರಣಗಳು. ಹೊಸ ಆಹಾರವನ್ನು ಹಳೆಯದರೊಂದಿಗೆ ಬೆರೆಸಿ ಪ್ರಮಾಣವನ್ನು ಏರಿಸುತ್ತಾ 7ರಿಂದ 10 ದಿನಗಳಲ್ಲಿ ಬದಲಾವಣೆ ಪೂರ್ಣಗೊಳಿಸಿದರೆ ಇವುಗಳಲ್ಲಿ ಮೊದಲನೆಯದು ತಪ್ಪುತ್ತದೆ. ಮನೆಯ ಸಾರು, ಸಾಂಬಾರು, ಮಸಾಲೆ ಹಾಕಿದ ಮಾಂಸದ ಚೂರುಗಳಲ್ಲಿ ಖಾರಕ್ಕಿಂತ ಹೆಚ್ಚಿನ ಅಪಾಯ ಇರುವುದು ಈರುಳ್ಳಿ ಹಾಗೂ ಬೆಳ್ಳುಳ್ಳಿಯಿಂದ. ಇವು ಬೇಯಿಸಿದರೂ ಒಣಗಿಸಿ ಪುಡಿ ಮಾಡಿದರೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ವಾಂತಿ, ಭೇದಿ ಮೊದಲು ಬಂದು, ರಕ್ತಹೀನತೆ ಕೆಲವು ದಿನಗಳ ನಂತರ ಕಾಣುತ್ತದೆ.

ನೂಲು, ದಾರ, ರಿಬ್ಬನ್‌ಗಳು ಬೆಕ್ಕಿಗೆ ಆಟದ ವಸ್ತುಗಳೂ ಹೌದು, ಮಾರಕ ವಸ್ತುಗಳೂ ಹೌದು. ನಾಲಿಗೆಯ ಹಿಮ್ಮುಖ ಮುಳ್ಳುಗಳಿಂದಾಗಿ ಒಮ್ಮೆ ಬಾಯೊಳಗೆ ಹೋದ ದಾರವನ್ನು ಬೆಕ್ಕು ಹೊರಗೆ ತಳ್ಳಲಾರದು. ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಅಥವಾ ಜಠರದ ಕೆಳಬಾಗಿಲಿಗೆ ಸಿಕ್ಕಿಕೊಂಡು, ಇನ್ನೊಂದು ತುದಿ ಕರುಳಿನಲ್ಲಿ ಮುಂದಕ್ಕೆ ಸಾಗುತ್ತದೆ. ಆಗ ಕರುಳು ಲಂಗದ ನೆರಿಗೆಯಂತೆ ದಾರದ ಮೇಲೆ ಮಡಿಚಿಕೊಳ್ಳುತ್ತದೆ. ಬಿಗಿದ ದಾರ ಗರಗಸದಂತೆ ಕರುಳಿನ ಗೋಡೆಯನ್ನು ಕೊಯ್ಯುತ್ತದೆ. ಕರ್ನಾಟಕದ ಮನೆಗಳಲ್ಲಿ ಹೊಲಿಗೆಯ ದಾರ, ಗಾಳಿಪಟದ ದಾರಗಳ ಜೊತೆಗೆ ದೇವರಿಗೆ ಏರಿಸಿ ತೆಗೆದ ಹೂವಿನ ಮಾಲೆಯ ದಾರವೂ, ಮಾಂಸ ಕಟ್ಟಿ ತಂದ ದಾರವೂ ಬೆಕ್ಕಿನ ಕೈಗೆ ಸಿಗುತ್ತವೆ. ಬಾಯಿಯಲ್ಲಿ ಅಥವಾ ಗುದದ್ವಾರದಲ್ಲಿ ದಾರದ ತುದಿ ಕಂಡರೆ ಎಳೆಯಬಾರದು, ಏಕೆಂದರೆ ಎಳೆದಾಗ ಕರುಳು ಹರಿಯುತ್ತದೆ. ಅದನ್ನು ಹಾಗೆಯೇ ಬಿಟ್ಟು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಪಶು ಆಸ್ಪತ್ರೆಗೆ ಒಯ್ಯಬೇಕು. ಬೇಯಿಸಿದ ಕೋಳಿಮೂಳೆ ಹಾಗೂ ದೊಡ್ಡ ಮೀನಿನ ಮುಳ್ಳುಗಳೂ ಗಂಟಲು, ಕರುಳುಗಳಲ್ಲಿ ಚುಚ್ಚಿಕೊಳ್ಳಬಹುದು.

ಮರಿಗಳಲ್ಲಿ ಪರೋಪಜೀವಿಗಳೇ ಪ್ರಮುಖ ಕಾರಣ. ದುಂಡುಹುಳುವಿನ ಲಾರ್ವಾಗಳು ತಾಯಿಹಾಲಿನ ಮೂಲಕವೇ ಮರಿಗೆ ದಾಟುವುದರಿಂದ, ಮನೆಯಿಂದ ಹೊರಗೆ ಹೋಗದ ಮರಿಗೂ ಹುಳು ಇರಬಹುದು. ಡೊಳ್ಳುಹೊಟ್ಟೆ, ಒರಟು ಕೂದಲು, ತಿಂದರೂ ಬೆಳೆಯದಿರುವುದು ಇದರ ಗುರುತು. ಲಾಡಿಹುಳು ಬರುವುದು ಚಿಗಟದಿಂದ. ಮೈ ನೆಕ್ಕುವಾಗ ನುಂಗಿದ ಚಿಗಟದೊಳಗೆ ಅದರ ಮರಿಹುಳು ಇರುತ್ತದೆ. ಬಾಲದ ಬುಡದಲ್ಲಿ ಅಕ್ಕಿಕಾಳಿನಂತಹ ತುಣುಕುಗಳು ಕಂಡರೆ ಹುಳುವಿನ ಔಷಧಿಯ ಜೊತೆಗೆ ಚಿಗಟವನ್ನೂ ನಿವಾರಿಸದೆ ಫಲವಿಲ್ಲ. ಜಿಯಾರ್ಡಿಯ, ಕಾಕ್ಸಿಡಿಯ ಮುಂತಾದ ಏಕಕೋಶ ಜೀವಿಗಳು ಹಲವು ಬೆಕ್ಕುಗಳು ಒಟ್ಟಿಗಿರುವ ಕಡೆ ಹರಡುತ್ತವೆ. ಇವು ಸಾಮಾನ್ಯ ಜಂತುಹುಳುವಿನ ಮಾತ್ರೆಗೆ ಬಗ್ಗುವುದಿಲ್ಲ, ಮಲಪರೀಕ್ಷೆ ಅಗತ್ಯ.

ಸಾಂಕ್ರಾಮಿಕ ರೋಗಗಳಲ್ಲಿ ಅತ್ಯಂತ ಭೀಕರವಾದುದು ಫೆಲೈನ್ ಪ್ಯಾನ್‌ಲ್ಯುಕೋಪೀನಿಯ. ಇದು ಒಂದು ಪಾರ್ವೊವೈರಸ್‌ನಿಂದ ಬರುತ್ತದೆ. ವೇಗವಾಗಿ ವಿಭಜನೆಯಾಗುವ ಜೀವಕೋಶಗಳನ್ನು, ಅಂದರೆ ಕರುಳಿನ ಒಳಪದರ ಹಾಗೂ ಮೂಳೆಮಜ್ಜೆಯ ಕೋಶಗಳನ್ನು, ಈ ವೈರಸ್ ನಾಶಪಡಿಸುತ್ತದೆ. ಬಿಳಿ ರಕ್ತಕಣಗಳು ಕುಸಿಯುವುದರಿಂದಲೇ ರೋಗಕ್ಕೆ ಈ ಹೆಸರು ಬಂದಿದೆ. ಜ್ವರ, ಮಂಕು, ಹಳದಿ ವಾಂತಿ, ದುರ್ವಾಸನೆಯ ಭೇದಿ ಒಂದರ ಹಿಂದೊಂದು ಬರುತ್ತವೆ. ಬೆಕ್ಕು ನೀರಿನ ಬಟ್ಟಲ ಮುಂದೆ ತಲೆ ತಗ್ಗಿಸಿ ಕುಳಿತಿದ್ದರೂ ಕುಡಿಯುವುದಿಲ್ಲ. ಭೇದಿ ಕಾಣಿಸುವ ಮೊದಲೇ ಮರಿಗಳು ಸಾಯುವುದೂ ಉಂಟು. ವೈರಸ್ಸನ್ನೇ ಕೊಲ್ಲುವ ರೂಢಿಯ ಔಷಧಿ ಇಲ್ಲದಿರುವುದರಿಂದ, ದ್ರವ ಪೂರೈಸಿ, ವಾಂತಿ ತಡೆದು, ಸೋಂಕುಗಳಿಂದ ಕಾಪಾಡುತ್ತಾ ದೇಹ ಚೇತರಿಸಿಕೊಳ್ಳಲು ಸಮಯ ಒದಗಿಸುವುದೇ ಚಿಕಿತ್ಸೆ. ಲಸಿಕೆ ಮಾತ್ರ ಬಹಳ ಪರಿಣಾಮಕಾರಿ. ಇದನ್ನು 6ರಿಂದ 8 ವಾರಗಳ ವಯಸ್ಸಿನಲ್ಲಿ ಆರಂಭಿಸಿ, 3-4 ವಾರಗಳಿಗೊಮ್ಮೆ, ಮರಿಗೆ 16 ವಾರ ತುಂಬುವವರೆಗೆ ಕೊಡಲಾಗುತ್ತದೆ. ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನು ನಿಷ್ಫಲಗೊಳಿಸುವ ಸಾಧ್ಯತೆ ಇರುವುದರಿಂದ ಕೊನೆಯ ಸೂಜಿಯನ್ನು ತಪ್ಪಿಸಬಾರದು. ಈ ರೋಗ ಮನುಷ್ಯರಿಗೆ ಹರಡುವುದಿಲ್ಲ.

ವಿಷಪ್ರಾಶನದಲ್ಲಿಯೂ ವಾಂತಿಯೇ ಮೊದಲ ಗುರುತು. ಹೂಗುಚ್ಛಗಳಲ್ಲಿ ಬಳಸುವ ಲಿಲಿ ಹೂವು ಬೆಕ್ಕುಗಳಿಗೆ ವಿಶೇಷವಾಗಿ ಘಾತುಕ. ಒಂದೆರಡು ಎಸಳು ಕಚ್ಚಿದರೂ, ಮೈಗೆ ಅಂಟಿದ ಪರಾಗವನ್ನು ನೆಕ್ಕಿದರೂ ಸಾಕು. ಕೆಲವು ಗಂಟೆಗಳಲ್ಲಿ ಬರುವ ವಾಂತಿ ತಾನಾಗಿ ನಿಂತು ಬೆಕ್ಕು ಸುಧಾರಿಸಿದಂತೆ ತೋರುತ್ತದೆ. ಒಂದರಿಂದ ಮೂರು ದಿನಗಳಲ್ಲಿ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತವೆ. ಚಿಕಿತ್ಸೆ ಫಲಿಸುವುದು ಆ ಸುಧಾರಿಸಿದಂತೆ ಕಾಣುವ ಅವಧಿಗೆ ಮೊದಲು ಆರಂಭಿಸಿದರೆ ಮಾತ್ರ ಎನ್ನಬಹುದು. ಅಲಂಕಾರಕ್ಕೆ ಬೆಳೆಸುವ ಸೈಕಾಸ್ ಗಿಡ ಯಕೃತ್ತನ್ನು ಕೆಡಿಸುತ್ತದೆ. ಜಿಂಕ್ ಫಾಸ್ಫೈಡ್ ಎಂಬ ಇಲಿಪಾಷಾಣವೂ ವಾಂತಿಯಿಂದಲೇ ತನ್ನ ಇರವನ್ನು ತೋರಿಸುತ್ತದೆ.

ಉಪವಾಸದ ಅಪಾಯ

ಹೊಟ್ಟೆ ಕೆಟ್ಟ ನಾಯಿಯನ್ನು ಒಂದು ದಿನ ಉಪವಾಸವಿಡುವ ಸಲಹೆ ಹಳೆಯದು. ಇಂದು ನಾಯಿಗಳ ವಿಷಯದಲ್ಲಿಯೂ ಅದನ್ನು ಪ್ರಶ್ನಿಸಲಾಗುತ್ತಿದೆ. ಬೆಕ್ಕಿನ ವಿಷಯದಲ್ಲಿ ಅದು ಸರಿಯಾಗಿದ್ದುದೇ ಇಲ್ಲ. ಆಹಾರ ನಿಂತಾಗ ಬೆಕ್ಕಿನ ದೇಹವು ಸಂಗ್ರಹವಾದ ಕೊಬ್ಬನ್ನು ಕರಗಿಸಿ ಯಕೃತ್ತಿಗೆ ಕಳುಹಿಸುತ್ತದೆ. ಅಷ್ಟು ಕೊಬ್ಬನ್ನು ಬಳಸಿಕೊಳ್ಳಲು ಅಥವಾ ಮುಂದಕ್ಕೆ ಸಾಗಿಸಲು ಬೇಕಾದ ಪ್ರೋಟೀನುಗಳು ಹಸಿದ ಬೆಕ್ಕಿನಲ್ಲಿ ಸಾಲುವುದಿಲ್ಲ. ಕೊಬ್ಬು ಯಕೃತ್ತಿನ ಕೋಶಗಳಲ್ಲಿಯೇ ತುಂಬಿಕೊಂಡು ಅವುಗಳ ಕಾರ್ಯ ಸ್ಥಗಿತಗೊಳ್ಳುತ್ತದೆ. ಇದಕ್ಕೆ ಹೆಪಾಟಿಕ್ ಲಿಪಿಡೋಸಿಸ್ ಎನ್ನುತ್ತಾರೆ. ಕಣ್ಣು, ಒಸಡು, ಕಿವಿಯ ಒಳಭಾಗ ಹಳದಿಯಾಗುತ್ತವೆ. ಯಕೃತ್ತು ಕೆಟ್ಟಂತೆ ವಾಕರಿಕೆ ಹೆಚ್ಚಿ ಬೆಕ್ಕು ಇನ್ನಷ್ಟು ಆಹಾರ ಬಿಡುತ್ತದೆ. ಹೀಗೆ ಒಂದು ವಿಷಚಕ್ರ ಆರಂಭವಾಗುತ್ತದೆ.

ಸ್ಥೂಲಕಾಯದ ಬೆಕ್ಕುಗಳಿಗೆ ಈ ಅಪಾಯ ಹೆಚ್ಚು. ದಪ್ಪಗಿರುವ ಬೆಕ್ಕು ನಾಲ್ಕು ದಿನ ಉಪವಾಸವಿದ್ದರೂ ತಡೆಯುತ್ತದೆ ಎಂಬ ನಂಬಿಕೆ ವಾಸ್ತವಕ್ಕೆ ನೇರ ವಿರುದ್ಧವಾದುದು. ಎರಡು ಮೂರು ದಿನ ಪೂರ್ತಿ ಆಹಾರ ಬಿಟ್ಟರೂ, ಒಂದೆರಡು ವಾರ ಅರೆಹೊಟ್ಟೆಯಲ್ಲಿದ್ದರೂ ರೋಗ ಆರಂಭವಾಗಬಹುದು. ಆಹಾರ ಬಿಡಲು ಮೂಲ ಕಾರಣ ಯಾವುದೇ ಇರಲಿ, ಹಲ್ಲುನೋವು, ಮನೆ ಬದಲಾವಣೆ ಅಥವಾ ಹೊಸ ಬಗೆಯ ಆಹಾರದ ಮೇಲಿನ ಮುನಿಸೇ ಇರಲಿ, ಪರಿಣಾಮ ಒಂದೇ. ಹಸಿದರೆ ತಾನೇ ತಿನ್ನುತ್ತದೆ ಎಂದು ಬೆಕ್ಕಿನೊಂದಿಗೆ ಹಟ ಹಿಡಿಯುವಂತಿಲ್ಲ. ಚಿಕಿತ್ಸೆಯ ತಿರುಳು ಪೋಷಣೆ: ಕತ್ತಿನ ಬದಿಯಿಂದ ಅನ್ನನಾಳಕ್ಕೆ ಕೊಳವೆ ಹಾಕಿ ಹಲವು ವಾರಗಳ ಕಾಲ ದ್ರವಾಹಾರ ಕೊಡಲಾಗುತ್ತದೆ. ನೋಡಲು ಕಷ್ಟವೆನಿಸಿದರೂ ಬೆಕ್ಕುಗಳು ಈ ಕೊಳವೆಯನ್ನು ಚೆನ್ನಾಗಿ ಸಹಿಸುತ್ತವೆ, ಬೇಗ ಆರಂಭಿಸಿದರೆ ಬಹುಪಾಲು ಬದುಕುತ್ತವೆ.

ಮನೆಯಲ್ಲಿ ಆರೈಕೆ

ವಯಸ್ಕ ಬೆಕ್ಕು ಒಂದೆರಡು ಬಾರಿ ಮಾತ್ರ ವಾಂತಿ ಅಥವಾ ತೆಳುವಾಗಿ ಭೇದಿ ಮಾಡಿ, ಉಳಿದಂತೆ ಚುರುಕಾಗಿದ್ದು, ನೀರು ಕುಡಿಯುತ್ತಾ ಆಹಾರದಲ್ಲಿ ಆಸಕ್ತಿ ತೋರುತ್ತಿದ್ದರೆ ಒಂದು ದಿನ ಮನೆಯಲ್ಲಿಯೇ ಗಮನಿಸಬಹುದು. ವಾಂತಿಯಾದ ನಂತರ ಕೆಲವು ಗಂಟೆ ಜಠರಕ್ಕೆ ಬಿಡುವು ಕೊಟ್ಟು, ಅನಂತರ ಚಮಚದಷ್ಟು ಆಹಾರವನ್ನು ಮೂರು ನಾಲ್ಕು ಗಂಟೆಗಳಿಗೊಮ್ಮೆ ಕೊಡುವುದು ಸೂಕ್ತ. ಉಪ್ಪು, ಎಣ್ಣೆ, ಮಸಾಲೆ, ಈರುಳ್ಳಿ ಯಾವುದೂ ಇಲ್ಲದೆ ಬೇಯಿಸಿ, ಚರ್ಮ ಹಾಗೂ ಮೂಳೆ ತೆಗೆದ ಕೋಳಿಮಾಂಸ ಸುಲಭವಾಗಿ ಜೀರ್ಣವಾಗುತ್ತದೆ. ಬೆಕ್ಕಿಗೆ ವಾಸನೆಯೇ ಹಸಿವಿನ ಪ್ರೇರಣೆಯಾದ್ದರಿಂದ ಮೈ ಬಿಸಿಯಷ್ಟು ಬೆಚ್ಚಗೆ ಮಾಡಿ ಕೊಟ್ಟರೆ ಒಪ್ಪಿಕೊಳ್ಳುವ ಸಂಭವ ಹೆಚ್ಚು. ಕೋಳಿಮಾಂಸವೊಂದೇ ಸಮತೋಲನದ ಆಹಾರವಲ್ಲ. ಅದರಲ್ಲಿ ಕ್ಯಾಲ್ಸಿಯಮ್ ತೀರ ಕಡಿಮೆ. ಎರಡು ಮೂರು ದಿನಗಳ ಬಳಿಕ ಕ್ರಮೇಣ ರೂಢಿಯ ಆಹಾರಕ್ಕೆ ಮರಳಬೇಕು.

ನೀರನ್ನು ಎಂದೂ ತಡೆಯಬಾರದು. ಹಲವು ಕಡೆ ಬಟ್ಟಲಿಡುವುದು, ಮಾಂಸ ಬೇಯಿಸಿದ ಉಪ್ಪಿಲ್ಲದ ನೀರನ್ನು ಆರಿಸಿ ಕೊಡುವುದು ಉಪಯುಕ್ತ. ಒಲ್ಲದ ಬೆಕ್ಕಿನ ಬಾಯಿಗೆ ನೀರು ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ನಿರ್ಜಲೀಕರಣವನ್ನು ಒಸಡು ಮುಟ್ಟಿ ತಿಳಿಯಬಹುದು: ಆರೋಗ್ಯವಂತ ಬೆಕ್ಕಿನ ಒಸಡು ಒದ್ದೆಯಾಗಿ ಜಾರುತ್ತದೆ, ನೀರಿನಂಶ ಕಡಿಮೆಯಾದಾಗ ಬೆರಳಿಗೆ ಅಂಟುತ್ತದೆ. ಭುಜದ ಮೇಲಿನ ಚರ್ಮವನ್ನು ಎತ್ತಿ ಬಿಟ್ಟಾಗ ಕೂಡಲೇ ಹಿಂದಿರುಗದಿದ್ದರೂ ಅದೇ ಅರ್ಥ. ಆದರೆ ಮುದಿ ಅಥವಾ ಸೊರಗಿದ ಬೆಕ್ಕುಗಳಲ್ಲಿ ಈ ಪರೀಕ್ಷೆ ಅಷ್ಟು ನಂಬಲರ್ಹವಲ್ಲ.

ಲಘು ಮಲಬದ್ಧತೆಯಲ್ಲಿ ನೀರಿನಂಶ ಹೆಚ್ಚಿರುವ ಆಹಾರ ಹಾಗೂ ಸ್ವಲ್ಪ ಬೇಯಿಸಿದ ಸಿಹಿಗುಂಬಳ ಸಹಾಯಕ. ಎರಡು ಮೂರು ದಿನ ಮಲವಿಸರ್ಜನೆಯೇ ಆಗದಿದ್ದರೆ ಮನೆಮದ್ದಿನಿಂದ ಪ್ರಯೋಜನವಿಲ್ಲ.

ಕೊಡಬಾರದ ಔಷಧಿಗಳು

ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಈ ಔಷಧಿಯನ್ನು ಗ್ಲುಕುರಾನಿಕ್ ಆಮ್ಲದೊಂದಿಗೆ ಜೋಡಿಸಿ ಹೊರಹಾಕುವ ಕಿಣ್ವ ಮನುಷ್ಯರ ಯಕೃತ್ತಿನಲ್ಲಿದೆ. ಬೆಕ್ಕಿನಲ್ಲಿ ಅದರ ವಂಶವಾಹಿ ನಿಷ್ಕ್ರಿಯವಾಗಿದೆ. ಹಾಗಾಗಿ ಔಷಧಿಯ ವಿಷಕಾರಿ ಅಂಶ ಉಳಿದು, ರಕ್ತದ ಹಿಮೊಗ್ಲೋಬಿನ್ನನ್ನು ಆಮ್ಲಜನಕ ಸಾಗಿಸಲಾರದ ರೂಪಕ್ಕೆ ತಿರುಗಿಸುತ್ತದೆ. ಒಸಡು ಕಂದುಬಣ್ಣಕ್ಕೆ ತಿರುಗಿ, ಮುಖ ಹಾಗೂ ಪಂಜಗಳು ಊದಿಕೊಂಡು, ಬೆಕ್ಕು ಏದುಸಿರು ಬಿಡುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆ ವಯಸ್ಕ ಬೆಕ್ಕನ್ನು ಕೊಲ್ಲಬಲ್ಲದು. ಮಕ್ಕಳಿಗೆಂದು ತಯಾರಿಸಿದ ಸಿರಪ್ಪಿನಲ್ಲಿ ಇರುವುದೂ ಇದೇ ಔಷಧಿ. ನುಂಗಿದ್ದು ತಿಳಿದ ಕೂಡಲೇ ಪಶುವೈದ್ಯರಲ್ಲಿಗೆ ಒಯ್ದರೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷದಿಂದ ಉಳಿಸುವ ಸಾಧ್ಯತೆಯಿದೆ.

ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ಜಠರದಲ್ಲಿ ಹುಣ್ಣು ಹಾಗೂ ಮೂತ್ರಪಿಂಡದ ಹಾನಿ ಉಂಟುಮಾಡುತ್ತವೆ. ಭೇದಿ ನಿಲ್ಲಿಸುವ ಲೋಪೆರಮೈಡ್ ಬೆಕ್ಕನ್ನು ಉದ್ರೇಕಗೊಳಿಸಬಹುದು. ವಿಷ ತಿಂದಿದೆಯೆಂದು ಉಪ್ಪುನೀರು ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ವಾಂತಿ ಮಾಡಿಸುವುದು ಮೂಲ ವಿಷದಷ್ಟೇ ಹಾನಿ ಮಾಡಬಲ್ಲದು. ಮಲಬದ್ಧತೆಗೆ ಹರಳೆಣ್ಣೆ ಅಥವಾ ದ್ರವ ಪ್ಯಾರಾಫಿನ್ ಹಾಕುವ ರೂಢಿಯೂ ಇದೆ. ಎಣ್ಣೆ ಗಂಟಲಲ್ಲಿ ಕೆಮ್ಮು ಹುಟ್ಟಿಸದೆಯೇ ಶ್ವಾಸಕೋಶಕ್ಕೆ ಜಾರಿ ನ್ಯುಮೋನಿಯ ತರುತ್ತದೆ. ಮನುಷ್ಯರಿಗಾಗಿ ಮಾರುವ ಫಾಸ್ಫೇಟ್ ಎನಿಮಾದಿಂದ ಬೆಕ್ಕಿನ ರಕ್ತದಲ್ಲಿ ಫಾಸ್ಫೇಟ್ ಏರಿ ಕ್ಯಾಲ್ಸಿಯಮ್ ಕುಸಿದು ಸಾವು ಸಂಭವಿಸಬಹುದು. ಔಷಧಿ ಅಂಗಡಿಯವರ ಸಲಹೆ ಬೆಕ್ಕಿಗೆ ಅನ್ವಯಿಸುವುದಿಲ್ಲ ಎಂಬುದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಪಶುವೈದ್ಯರನ್ನು ಕಾಣಬೇಕಾದ ಸಂದರ್ಭ

ವಯಸ್ಕ ಬೆಕ್ಕು 24 ಗಂಟೆ ಏನನ್ನೂ ತಿನ್ನದಿದ್ದರೆ, ಒಂದು ದಿನದಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ವಾಂತಿ ಮಾಡಿದರೆ, ಕುಡಿದ ನೀರೂ ನಿಲ್ಲದಿದ್ದರೆ, ವಾಂತಿ ಅಥವಾ ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಮುಟ್ಟಿದಾಗ ನರಳಿದರೆ, ಕತ್ತಲ ಮೂಲೆ ಸೇರಿ ಅಡಗಿ ಕುಳಿತರೆ ಪಶುವೈದ್ಯರನ್ನು ಕಾಣಬೇಕು. ಬೆಕ್ಕುಗಳು ನೋವನ್ನು ಮರೆಮಾಚುವುದರಿಂದ ಈ ಕೊನೆಯ ಲಕ್ಷಣವನ್ನು ಹಗುರವಾಗಿ ಕಾಣುವಂತಿಲ್ಲ. ಮೂರು ತಿಂಗಳೊಳಗಿನ ಮರಿಗಳಲ್ಲಿ ಸಕ್ಕರೆಯಂಶ ಬೇಗ ಕುಸಿಯುವುದರಿಂದ ಅರ್ಧ ದಿನವೂ ಕಾಯಬಾರದು. ಬೆಕ್ಕಿನ ಸಹಜ ತಾಪಮಾನ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್; ಮನುಷ್ಯರ ಕೈಗೆ ಅದು ಯಾವಾಗಲೂ ಬಿಸಿಯೆನಿಸುತ್ತದೆ. ಭೇದಿಯಾಗುತ್ತಿರುವ ಮರಿ ತಣ್ಣಗಿದ್ದರೆ ಸ್ಥಿತಿ ಗಂಭೀರವೆಂದೇ ಅರ್ಥ.

ತಾಲ್ಲೂಕು ಮಟ್ಟದ ಪಶು ಆಸ್ಪತ್ರೆಗಳಲ್ಲಿ ದನ, ಕುರಿಗಳ ಚಿಕಿತ್ಸೆಯೇ ಪ್ರಧಾನವಾದರೂ ಬೆಕ್ಕುಗಳಿಗೂ ಆರಂಭಿಕ ಚಿಕಿತ್ಸೆ ದೊರೆಯುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೋಧನಾ ಆಸ್ಪತ್ರೆ ಇದೆ. ಹೋಗುವಾಗ ಹೊಸ ಮಲದ ಮಾದರಿ, ಬೆಕ್ಕು ಕಚ್ಚಿದ ಗಿಡ ಅಥವಾ ಮಾತ್ರೆಯ ಹೊದಿಕೆ, ಲಸಿಕೆಯ ಚೀಟಿ ಒಯ್ಯುವುದು ಅನುಕೂಲ. ಬೆಕ್ಕನ್ನು ತೋಳಿನಲ್ಲಿ ಎತ್ತಿಕೊಂಡು ಹೋಗುವುದಕ್ಕಿಂತ ಗಾಳಿಯಾಡುವ ಪೆಟ್ಟಿಗೆ ಅಥವಾ ಮುಚ್ಚಳವಿರುವ ಬುಟ್ಟಿಯಲ್ಲಿ ಒಯ್ಯುವುದು ಇಬ್ಬರಿಗೂ ಕ್ಷೇಮ. ಪಶುವೈದ್ಯರು ನಾಲಿಗೆಯ ಕೆಳಗೆ ದಾರವಿದೆಯೇ ಎಂದು ನೋಡಿ, ಹೊಟ್ಟೆ ಒತ್ತಿ ಪರೀಕ್ಷಿಸಿ, ಅಗತ್ಯವಿದ್ದರೆ ರಕ್ತಪರೀಕ್ಷೆ, ಎಕ್ಸ್-ರೇ, ಸ್ಕ್ಯಾನಿಂಗ್ ಮಾಡಿಸುತ್ತಾರೆ. ಚರ್ಮದಡಿಯಲ್ಲಿ ಅಥವಾ ರಕ್ತನಾಳದ ಮೂಲಕ ದ್ರವ, ವಾಂತಿಗೆ ಮರೋಪಿಟಾಂಟ್, ಹಸಿವಿಗೆ ಮಿರ್ಟಾಜಪೀನ್ ಕೊಡುವುದು ರೂಢಿಯಲ್ಲಿದೆ. ಪ್ರತಿಯೊಂದು ಭೇದಿಗೂ ಆ್ಯಂಟಿಬಯಾಟಿಕ್ ಕೊಡುವ ಪದ್ಧತಿಯನ್ನು ಈಗ ಪ್ರೋತ್ಸಾಹಿಸಲಾಗುವುದಿಲ್ಲ.

ದೀರ್ಘಕಾಲದ ತೊಂದರೆ

ಮೂರು ವಾರ ಮೀರಿದ ವಾಂತಿ ಅಥವಾ ಭೇದಿಯನ್ನು ದೀರ್ಘಕಾಲದ್ದೆಂದು ಪರಿಗಣಿಸಲಾಗುತ್ತದೆ. ಎಳೆಯ ಹಾಗೂ ನಡುವಯಸ್ಸಿನ ಬೆಕ್ಕುಗಳಲ್ಲಿ ಯಾವುದೋ ಒಂದು ಪ್ರೋಟೀನು ಒಗ್ಗದಿರುವುದು ಸಾಮಾನ್ಯ ಕಾರಣ. ಹಿಂದೆ ತಿನ್ನದ ಮಾಂಸವನ್ನು ಮಾತ್ರ ಕೊಟ್ಟು ನೋಡಿದಾಗ, ಎರಡು ವಾರಗಳಲ್ಲೇ ಸುಧಾರಣೆ ಕಾಣುವುದುಂಟು. ಕರುಳಿನ ದೀರ್ಘಕಾಲದ ಉರಿಯೂತ ಹಾಗೂ ನಿಧಾನವಾಗಿ ಬೆಳೆಯುವ ಲಿಂಫೋಮ ಎಂಬ ಅರ್ಬುದ ಲಕ್ಷಣಗಳಲ್ಲಿ ಒಂದನ್ನೊಂದು ಹೋಲುತ್ತವೆ. ಕರುಳಿನ ಚೂರನ್ನು ತೆಗೆದು ಪರೀಕ್ಷಿಸದೆ ಬೇರ್ಪಡಿಸುವುದು ಕಷ್ಟ. ಬಿ12 ಜೀವಸತ್ವವನ್ನು ಹೀರಿಕೊಳ್ಳಲು ಬೇಕಾದ ವಾಹಕವು ಬೆಕ್ಕಿನಲ್ಲಿ ಮೇದೋಜ್ಜೀರಕ ಗ್ರಂಥಿಯಲ್ಲಿ ಮಾತ್ರ ಉತ್ಪತ್ತಿಯಾಗುವುದರಿಂದ, ಆ ಗ್ರಂಥಿ ಅಥವಾ ಕರುಳು ಕೆಟ್ಟಾಗ ಈ ಜೀವಸತ್ವದ ಕೊರತೆ ಉಂಟಾಗುತ್ತದೆ. ಅದನ್ನು ತುಂಬದೆ ಉಳಿದ ಚಿಕಿತ್ಸೆ ಫಲಿಸುವುದು ವಿರಳ.

ಹತ್ತು ವರ್ಷ ದಾಟಿದ ಬೆಕ್ಕು ವಾಂತಿ ಮಾಡುತ್ತಿದ್ದರೆ ತೊಂದರೆ ಹೊಟ್ಟೆಯಲ್ಲೇ ಇರಬೇಕೆಂದಿಲ್ಲ. ಮೂತ್ರಪಿಂಡದ ರೋಗದಲ್ಲಿ ನೀರಡಿಕೆ, ಮೂತ್ರ ಹೆಚ್ಚುತ್ತವೆ. ಥೈರಾಯ್ಡ್ ಗ್ರಂಥಿಯ ಅತಿಸ್ರಾವದಲ್ಲಿ ಬೆಕ್ಕು ಹೊಟ್ಟೆಬಾಕನಂತೆ ತಿಂದರೂ ಸೊರಗುತ್ತಾ, ರಾತ್ರಿಯೆಲ್ಲ ಕೂಗುತ್ತಾ ಓಡಾಡುತ್ತದೆ. ಎರಡೂ ರಕ್ತಪರೀಕ್ಷೆಯಿಂದ ಪತ್ತೆಯಾಗುವ, ಹತೋಟಿಯಲ್ಲಿಡಬಹುದಾದ ರೋಗಗಳು. ತಿಂಗಳಿಗೊಮ್ಮೆ ತೂಕ ನೋಡುವ ಅಭ್ಯಾಸವಿದ್ದರೆ ಇವು ಬೇಗ ಗೊತ್ತಾಗುತ್ತವೆ. ನಾಲ್ಕು ಕಿಲೊ ತೂಕದ ಬೆಕ್ಕು 400 ಗ್ರಾಂ ಕಳೆದುಕೊಂಡರೆ ಅದು ದೇಹದ ಹತ್ತನೇ ಒಂದು ಭಾಗ. ಕೂದಲ ಹೊದಿಕೆಯಿಂದಾಗಿ ಕಣ್ಣಿಗೆ ಕಾಣುವುದಿಲ್ಲ.

ಸ್ವಚ್ಛತೆ

ಪ್ಯಾನ್‌ಲ್ಯುಕೋಪೀನಿಯ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಉಳಿಯಬಲ್ಲದು. ಸಾಬೂನು, ಸ್ಪಿರಿಟ್‌ಗಳಿಗೆ ಅದು ಸಾಯುವುದಿಲ್ಲ. ಮಲ, ವಾಂತಿಗಳನ್ನು ಮೊದಲು ತೊಳೆದು, ಒಂದು ಪಾಲು ಬ್ಲೀಚಿಗೆ 32 ಪಾಲು ನೀರು ಬೆರೆಸಿದ ದ್ರಾವಣವನ್ನು ಹತ್ತು ನಿಮಿಷ ನಿಲ್ಲಿಸಿ, ಮತ್ತೆ ನೀರಿನಿಂದ ತೊಳೆದು ಒಣಗಿಸಬೇಕು. ನೆಲ ಒರೆಸಲು ಬಳಸುವ ಫಿನಾಯಿಲ್ ಬೆಕ್ಕಿರುವ ಮನೆಗೆ ತಕ್ಕುದಲ್ಲ. ಪಂಜಗಳಿಗೆ ಅಂಟಿದ ಫೀನಾಲ್ ಸಂಯುಕ್ತಗಳನ್ನು ಬೆಕ್ಕು ನೆಕ್ಕಿಕೊಳ್ಳುತ್ತದೆ, ಅದರ ಯಕೃತ್ತು ಅವನ್ನೂ ಹೊರಹಾಕಲಾರದು.

ಬೆಕ್ಕಿನ ಮಲದಿಂದ ಮನುಷ್ಯರಿಗೆ ದಾಟಬಲ್ಲ ಜೀವಿಗಳಲ್ಲಿ ಟಾಕ್ಸೊಪ್ಲಾಸ್ಮ ಮುಖ್ಯವಾದುದು. ಗರ್ಭಿಣಿಯರಿಗೆ ಮೊದಲ ಬಾರಿ ಸೋಂಕು ತಗುಲಿದರೆ ಭ್ರೂಣಕ್ಕೆ ಹಾನಿಯಾಗಬಹುದು. ಮಲದಲ್ಲಿ ಹೊರಬಿದ್ದ ಇದರ ಅಂಡಕೋಶಗಳು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಹೀಗಾಗಿ ಮಲದ ತಟ್ಟೆಯನ್ನು ದಿನವೂ, ಗರ್ಭಿಣಿಯರಲ್ಲದ ಬೇರೊಬ್ಬರು ಶುಚಿಗೊಳಿಸಿ ಕೈ ತೊಳೆದುಕೊಂಡರೆ ಬೆಕ್ಕನ್ನು ಮನೆಯಿಂದ ಹೊರಹಾಕುವ ಅಗತ್ಯ ಬೀಳುವುದಿಲ್ಲ.